ಬ್ರೇಕ್ ಜಾಮ್: ಫೋರ್ ವೀಲ್ ಡ್ರೈವ್ ವಾಹನಗಳಲ್ಲಿ ದೋಷ ಪತ್ತೆ

ಚಾಲಕ ಪೆಡಲಿನಿಂದ ಕಾಲು ತೆಗೆದ ಮೇಲೂ ಪ್ಯಾಡು ಡಿಸ್ಕನ್ನು, ಇಲ್ಲವೇ ಲೈನರು ಡ್ರಮ್ಮನ್ನು ಉಜ್ಜುತ್ತಲೇ ಇರುವ ದೋಷ ಬ್ರೇಕ್ ಜಾಮ್. ಗಾಲಿ ಪೂರ್ತಿ ಕಚ್ಚಿ ನಿಲ್ಲುವುದು ಇದರ ಕೊನೆಯ ಹಂತ. ಅದಕ್ಕೆ ಎಷ್ಟೋ ಮೊದಲೇ ಗಾಡಿ ಭಾರವಾಗುತ್ತದೆ, ಡೀಸೆಲ್ ಹೆಚ್ಚು ಕುಡಿಯುತ್ತದೆ, ಸುಟ್ಟ ವಾಸನೆ ಬರುತ್ತದೆ, ಗಾಲಿಯ ನಡುಭಾಗ ಮುಟ್ಟಲಾಗದಷ್ಟು ಕಾಯುತ್ತದೆ. ರಾಯಚೂರು ಜಿಲ್ಲೆಯ ಹಟ್ಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರು ಸೀಮೆಯಲ್ಲಿ ಈ ದೋಷ ಮೂರು ಬಗೆಯ ವಾಹನಗಳಲ್ಲಿ ಕಾಣಸಿಗುತ್ತದೆ: ರಸ್ತೆಯ ಮೇಲಿನ ಜೀಪು ಮತ್ತು ಪಿಕಪ್‌ಗಳು, ಭತ್ತದ ಗದ್ದೆಗೆ ಇಳಿಯುವ ಟ್ರ್ಯಾಕ್ಟರುಗಳು, ಚಿನ್ನದ ಗಣಿಯೊಳಗೆ ಅದಿರು ಸಾಗಿಸುವ ಯಂತ್ರಗಳು. ಮೂರೂ ಕಡೆ ಲಕ್ಷಣ ಒಂದೇ, ಕಾರಣ ಬೇರೆ. ರಸ್ತೆಯ ಗಾಡಿಯಲ್ಲಿ ಎಣ್ಣೆಯ ಒತ್ತಡ ಇಳಿಯದೆ ಉಳಿದರೆ ಬ್ರೇಕ್ ಹಿಡಿಯುತ್ತದೆ. ಗಣಿಯ ಎಷ್ಟೋ ಯಂತ್ರಗಳಲ್ಲಿ ಒತ್ತಡ ಸಾಲದೆ ಹೋದರೆ ಹಿಡಿಯುತ್ತದೆ. ಈ ವ್ಯತ್ಯಾಸ ತಿಳಿಯದೆ ಪಾನಾ ಕೈಗೆತ್ತಿಕೊಂಡವರು ಒಂದರ ಮದ್ದನ್ನು ಇನ್ನೊಂದಕ್ಕೆ ಹಾಕಿಬಿಡುತ್ತಾರೆ.

ಬಯಲು ಸೀಮೆಯಲ್ಲಿ ಪತ್ತೆ ಕೆಲಸಕ್ಕೆ ಒಂದು ಅನುಕೂಲವಿದೆ. ಶಿರಾಡಿ, ಚಾರ್ಮಾಡಿ ಘಾಟಿ ಇಳಿದು ಬಂದ ಗಾಡಿಯ ಗಾಲಿ ಬಿಸಿಯಾಗಿದ್ದರೆ ಅದು ದೋಷವೋ ಇಳಿಜಾರಿನ ಸಹಜ ಫಲವೋ ಎಂದು ಯೋಚಿಸಬೇಕಾಗುತ್ತದೆ. ಲಿಂಗಸುಗೂರಿನಿಂದ ಮಸ್ಕಿ ಹಾದು ಸಿಂಧನೂರಿಗೆ ಹೋಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಘಾಟಿಯಿಲ್ಲ. ಖಾಲಿ ರಸ್ತೆಯಲ್ಲಿ ಹೆಚ್ಚು ಬ್ರೇಕ್ ತುಳಿಯದೆ ಬಂದ ಗಾಡಿಯ ಒಂದು ಗಾಲಿ ಮಾತ್ರ ಕಾದಿದ್ದರೆ ಅಲ್ಲಿ ಏನೋ ಉಜ್ಜುತ್ತಿದೆ ಎಂದೇ ಅರ್ಥ. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ಬಿಸಿಲನ್ನು ದೂರುವವರುಂಟು. ಆದರೆ ಬಿಸಿಲು ನಾಲ್ಕೂ ಗಾಲಿಗೆ ಬೀಳುತ್ತದೆ, ಒಂದನ್ನೇ ಆರಿಸಿ ಕಾಯಿಸುವುದಿಲ್ಲ.

ಶಾಖದ ಲೆಕ್ಕ

ಜಾಮ್ ಆದ ಬ್ರೇಕ್ ಮುಟ್ಟಲಾಗದಷ್ಟು ಬಿಸಿಯಾಗಲು ಅದು ಬಿಗಿಯಾಗಿ ಹಿಡಿದಿರಬೇಕಿಲ್ಲ. 2 ಟನ್ ತೂಕದ ಜೀಪನ್ನು ಗಂಟೆಗೆ 80 ಕಿಲೋಮೀಟರ್ ವೇಗದಿಂದ ಪೂರ್ತಿ ನಿಲ್ಲಿಸಿದಾಗ ಹುಟ್ಟುವ ಶಾಖ ಸುಮಾರು 5 ಲಕ್ಷ ಜೂಲ್. ಅದು ನಾಲ್ಕು ಗಾಲಿಗೂ ಹಂಚಿಹೋಗುತ್ತದೆ. ಈಗ ಒಂದೇ ಗಾಲಿಯಲ್ಲಿ 50 ನ್ಯೂಟನ್ ಮೀಟರ್ ತಡೆ ಉಳಿದಿದೆ ಎಂದುಕೊಳ್ಳೋಣ. ಒಂದು ಮೀಟರ್ ಉದ್ದದ ಸನ್ನೆಯ ತುದಿಗೆ 5 ಕಿಲೋ ತೂಕ ಕಟ್ಟಿದಷ್ಟು ತಡೆ ಅದು. ಚಾಲಕನಿಗೆ ಗೊತ್ತಾಗುವುದೂ ಕಷ್ಟ. ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ 35 ಸೆಂಟಿಮೀಟರ್ ತ್ರಿಜ್ಯದ ಗಾಲಿಗೆ ಇಷ್ಟು ತಡೆಯಿದ್ದರೆ ಸುಮಾರು 2.4 ಕಿಲೋವ್ಯಾಟ್ ಶಾಖ ಏಳುತ್ತದೆ. ಎರಡು ದೊಡ್ಡ ಇಸ್ತ್ರಿಪೆಟ್ಟಿಗೆಗಳನ್ನು ಉರಿಸಿ ಡಿಸ್ಕಿಗೆ ಒತ್ತಿಹಿಡಿದ ಹಾಗೆ. ಹತ್ತು ನಿಮಿಷದಲ್ಲಿ 14 ಲಕ್ಷ ಜೂಲ್. ಇಡೀ ಜೀಪನ್ನು ಸುಮಾರು ಮೂರು ಬಾರಿ ನಿಲ್ಲಿಸುವಷ್ಟು ಶಾಖ ಒಂದೇ ಗಾಲಿಗೆ ಸೇರಿತು. ಗಾಳಿಗೆ ಏನೂ ಹೋಗದಿದ್ದರೆ 10 ಕಿಲೋ ತೂಕದ ಬೀಡಿನ ಡಿಸ್ಕು ಇದರಿಂದ 300 ಡಿಗ್ರಿ ಏರಬಲ್ಲದು. ನಿಜದಲ್ಲಿ ಗಾಳಿ ಸಾಕಷ್ಟನ್ನು ಒಯ್ಯುತ್ತದೆ, ಹಾಗಾಗಿ ಅಷ್ಟು ಏರುವುದಿಲ್ಲ. ಆದರೂ ಡಿಸ್ಕಿನ ಮೇಲೆ ನೀಲಿ ಛಾಯೆ ಮೂಡಿದ್ದರೆ ಲೋಹ ಆ ಮಟ್ಟದ ಬಿಸಿಯನ್ನು ಕಂಡಿದೆ ಎಂದು ತಿಳಿಯಬೇಕು.

ಈ ಶಾಖ ಕೊನೆಗೆ ಬ್ರೇಕ್ ಆಯಿಲ್‌ಗೆ ತಲುಪುತ್ತದೆ. ಹೊಸ ಡಾಟ್ 3 ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದು. ಡಾಟ್ 4ಕ್ಕೆ ಈ ಮಿತಿ 230. ಗಾಳಿಯಿಂದ ತೇವ ಹೀರಿ ಹಳತಾದ ಆಯಿಲ್‌ಗೆ ಇದೇ ಮಿತಿ 140 ಮತ್ತು 155ಕ್ಕೆ ಇಳಿಯುತ್ತದೆ. ಕುದಿದ ಆಯಿಲ್‌ನಲ್ಲಿ ಆವಿಯ ಗುಳ್ಳೆ ಹುಟ್ಟುತ್ತದೆ. ಗುಳ್ಳೆ ಕುಗ್ಗುವುದರಿಂದ ಪೆಡಲ್ ನೆಲಕ್ಕೆ ಇಳಿಯುತ್ತದೆ, ಗಾಡಿ ನಿಲ್ಲುವುದಿಲ್ಲ. ಬಿಡದ ಬ್ರೇಕು ಹಿಡಿಯದ ಬ್ರೇಕಾಗಿ ಮಾರ್ಪಡುವುದು ಹೀಗೆ, ಅದೂ ಇದ್ದಕ್ಕಿದ್ದಂತೆ.

ಬ್ರೇಕ್ ಬಿಡುವ ಬಗೆ

ಬ್ರೇಕ್ ಹೇಗೆ ಹಿಡಿಯುತ್ತದೆ ಎಂದು ಎಲ್ಲರೂ ವಿವರಿಸುತ್ತಾರೆ. ಜಾಮ್ ಪತ್ತೆಗೆ ಬೇಕಿರುವುದು ಅದು ಹೇಗೆ ಬಿಡುತ್ತದೆ ಎಂಬ ತಿಳಿವಳಿಕೆ. ಡ್ರಮ್ ಬ್ರೇಕಿನಲ್ಲಿ ಶೂಗಳನ್ನು ಹಿಂದಕ್ಕೆ ಎಳೆಯಲು ಗಟ್ಟಿ ಸ್ಪ್ರಿಂಗುಗಳಿವೆ. ಡಿಸ್ಕ್ ಬ್ರೇಕಿನಲ್ಲಿ ಆ ಕೆಲಸಕ್ಕೆ ಇರುವುದು ಕ್ಯಾಲಿಪರ್ ಒಳಗಿನ ಚೌಕ ಅಂಚಿನ ರಬ್ಬರ್ ಸೀಲ್ ಮಾತ್ರ. ಪಿಸ್ಟನ್ ಮುಂದೆ ಹೋದಾಗ ಸೀಲ್ ತಿರುಚಿಕೊಳ್ಳುತ್ತದೆ, ಒತ್ತಡ ಇಳಿದಾಗ ನೆಟ್ಟಗಾಗುತ್ತ ಪಿಸ್ಟನ್ನನ್ನು ಕೂದಲೆಳೆಯಷ್ಟು ಹಿಂದಕ್ಕೆ ಒಯ್ಯುತ್ತದೆ. ಪಿಸ್ಟನ್ ಮೇಲೆ ತುಕ್ಕಿನ ಒಂದು ಪದರ ಕೂತರೂ ಈ ಸಣ್ಣ ಬಲ ಸೋಲುತ್ತದೆ. ತುಕ್ಕು ಹಿಡಿದ ಪಿಸ್ಟನ್ನನ್ನು ಎಮ್ರಿ ಕಾಗದದಿಂದ ಉಜ್ಜಿ ಮತ್ತೆ ಕೂರಿಸುವ ರೂಢಿ ಅನೇಕ ಕಡೆ ಇದೆ. ಮೇಲಿನ ಕ್ರೋಮ್ ಲೇಪ ಹೋಗಿರುವುದರಿಂದ ಮುಂದಿನ ಮಳೆಗಾಲಕ್ಕೆ ಅದೇ ಗಾಡಿ ಅದೇ ದೂರಿನೊಂದಿಗೆ ಹಿಂತಿರುಗುತ್ತದೆ.

ಮೂರನೆಯ ಬಿಡುಗಡೆಯ ದಾರಿ ಮಾಸ್ಟರ್ ಸಿಲಿಂಡರಿನಲ್ಲಿದೆ. ಪೆಡಲ್ ಪೂರ್ತಿ ಮೇಲೆ ಬಂದಾಗ ಅಲ್ಲಿನ ಒಂದು ಸಣ್ಣ ತೂತು ತೆರೆದುಕೊಂಡು, ಪೈಪಿನಲ್ಲಿರುವ ಆಯಿಲ್ ಡಬ್ಬಿಗೆ ಮರಳಲು ಅವಕಾಶವಾಗುತ್ತದೆ. ಬಿಸಿಗೆ ಹಿಗ್ಗಿದ ಆಯಿಲ್‌ಗೂ ಇದೇ ದಾರಿ. ಪೆಡಲಿಗೆ ಫ್ರೀ ಪ್ಲೇ, ಅಂದರೆ ಕೊಂಚ ಸಡಿಲು, ಇಲ್ಲದಿದ್ದರೆ, ಬ್ರೇಕ್ ಲೈಟಿನ ಸ್ವಿಚ್ಚನ್ನು ತಪ್ಪಾಗಿ ಕೂರಿಸಿ ಪೆಡಲ್ ಮೇಲೆ ಬರದಂತೆ ಆಗಿದ್ದರೆ, ಪೆಡಲಿನ ಬಲ ಹೆಚ್ಚಿಸುವ ಬೂಸ್ಟರಿನ ತಳ್ಳುಗಂಬಿ ಉದ್ದವಾಗಿದ್ದರೆ ಆ ತೂತು ಮುಚ್ಚಿಯೇ ಇರುತ್ತದೆ. ಆಗ ಶುರುವಾಗುವ ದೋಷದ ನಡವಳಿಕೆ ವಿಚಿತ್ರ: ಗಾಡಿ ಹೊರಟಾಗ ಹಗುರ, ಕೆಲವು ಕಿಲೋಮೀಟರ್ ನಂತರ ಭಾರ, ಇನ್ನೂ ಓಡಿಸಿದರೆ ಇನ್ನೂ ಭಾರ. ಬ್ರೇಕು ಕಾದಷ್ಟೂ ಆಯಿಲ್ ಹಿಗ್ಗುತ್ತದೆ, ಹಿಗ್ಗಿದಷ್ಟೂ ಬ್ರೇಕು ಬಿಗಿಯಾಗುತ್ತದೆ. ರಾತ್ರಿ ನಿಲ್ಲಿಸಿದರೆ ಬೆಳಿಗ್ಗೆ ಎಲ್ಲ ಸರಿ. ಇಂಥ ಗಾಡಿಯನ್ನು ಗ್ಯಾರೇಜಿನಲ್ಲಿ ಬಿಟ್ಟು ಮರುದಿನ ನೋಡಲು ಹೇಳಿದರೆ ಮೆಕ್ಯಾನಿಕ್‌ಗೆ ಏನೂ ಕಾಣುವುದಿಲ್ಲ. ಓಡಿಸಿ, ಬಿಸಿ ಇರುವಾಗಲೇ ಪರೀಕ್ಷಿಸಬೇಕು.

ಬ್ರೇಕೇ ಹೌದೇ?

ಫೋರ್ ವೀಲ್ ಡ್ರೈವ್ ಗಾಡಿಯಲ್ಲಿ ಬ್ರೇಕನ್ನು ಬಿಚ್ಚುವ ಮೊದಲು ಈ ಪ್ರಶ್ನೆ ಕೇಳಿಕೊಳ್ಳಬೇಕು. ಹಳೆಯ ಮಹೀಂದ್ರ ಜೀಪು, ಮಾರುತಿ ಜಿಪ್ಸಿ, ಫೋರ್ ವೀಲ್ ಬೊಲೆರೊ ಕ್ಯಾಂಪರ್ ಇವೆಲ್ಲ ಬೇಕಾದಾಗ ಮಾತ್ರ ಮುಂದಿನ ಗಾಲಿಗಳಿಗೆ ಬಲ ಕೊಡುವ ಮಾದರಿಗಳು. ಬಲವನ್ನು ಮುಂದಕ್ಕೂ ಹಿಂದಕ್ಕೂ ಹಂಚುವ ಇವುಗಳ ಟ್ರಾನ್ಸ್‌ಫರ್ ಕೇಸಿನಲ್ಲಿ ನಡು ಡಿಫರೆನ್ಶಿಯಲ್ ಇರುವುದಿಲ್ಲ. ತಿರುವಿನಲ್ಲಿ ಮುಂದಿನ ಗಾಲಿಗಳು ಹಿಂದಿನವುಗಳಿಗಿಂತ ಹೆಚ್ಚು ದೂರ ಸುತ್ತಬೇಕು. ಕೆಸರಿನಲ್ಲಾದರೆ ಟೈರು ಜಾರಿ ಆ ಅಂತರವನ್ನು ಸರಿದೂಗಿಸುತ್ತದೆ. ಹೊಲದಿಂದ ಹೆದ್ದಾರಿಗೆ ಬಂದ ಚಾಲಕ ಲಿವರನ್ನು ಹಿಂದಕ್ಕೆ ಹಾಕಲು ಮರೆತರೆ ಒಣ ಡಾಂಬರಿನಲ್ಲಿ ಟೈರು ಜಾರುವುದಿಲ್ಲ, ಶಾಫ್ಟುಗಳಲ್ಲಿ ಬಿಗಿತ ತುಂಬುತ್ತದೆ. ಯಾರೋ ಹಿಂದಿನಿಂದ ಹಿಡಿದೆಳೆದಂತೆ ಗಾಡಿ ನಿಲ್ಲುತ್ತದೆ. ಎಲ್ಲರೂ ಬ್ರೇಕ್ ಜಾಮ್ ಎನ್ನುತ್ತಾರೆ. ಡ್ರಮ್ಮುಗಳು ಮಾತ್ರ ತಣ್ಣಗಿರುತ್ತವೆ, ಕಾದಿರುವುದು ಟ್ರಾನ್ಸ್‌ಫರ್ ಕೇಸು. ಸ್ವಲ್ಪ ದೂರ ನೇರವಾಗಿ ಹಿಂದಕ್ಕೆ ಓಡಿಸಿದರೆ ಬಿಗಿತ ಸಡಿಲಾಗಿ ಲಿವರ್ ಹೊರಬರುವುದುಂಟು.

ವೀಲ್ ಬೇರಿಂಗ್ ಇನ್ನೊಂದು ಮೋಸಗಾರ. ಗ್ರೀಸ್ ಹಾಕಿದ ಮೇಲೆ ನಟ್ಟನ್ನು ಅತಿಯಾಗಿ ಬಿಗಿದರೆ ಗಾಲಿ ಭಾರವಾಗಿ ತಿರುಗುತ್ತದೆ, ಬಿಸಿಯಾಗುತ್ತದೆ. ಶಾಖ ಹುಟ್ಟುವ ಜಾಗ ಇಲ್ಲಿ ಪತ್ತೆ ಹೇಳುತ್ತದೆ: ಹಬ್ ಹೆಚ್ಚು ಬಿಸಿಯಿದ್ದು ಡಿಸ್ಕು ಕಡಿಮೆಯಿದ್ದರೆ ಬೇರಿಂಗು, ಡಿಸ್ಕು ಹೆಚ್ಚಿದ್ದು ಹಬ್ ಕಡಿಮೆಯಿದ್ದರೆ ಬ್ರೇಕು. ತಡ ಮಾಡಿದರೆ ಎರಡೂ ಒಂದೇ ಬಿಸಿಗೆ ಬಂದು ಗುರುತು ಅಳಿಸಿಹೋಗುತ್ತದೆ. ನಿಲ್ಲಿಸಿದ ಕೂಡಲೇ ಅಳೆಯುವುದು ಒಳ್ಳೆಯದು.

ಹೊಸ ಗಾಡಿಗಳಲ್ಲಿ ಮೂರನೆಯ ಸಾಧ್ಯತೆಯೂ ಸೇರಿದೆ. 2020ರಲ್ಲಿ ಬಂದ ಎರಡನೇ ತಲೆಮಾರಿನ ಥಾರ್, 2023ರ ಜಿಮ್ನಿ ಇಂಥವುಗಳಲ್ಲಿ ಕೆಸರಿನಲ್ಲಿ ಸುಮ್ಮನೆ ಸುತ್ತುವ ಗಾಲಿಯನ್ನು ಕಂಪ್ಯೂಟರೇ ಬ್ರೇಕ್ ಹಾಕಿ ತಡೆದು, ನೆಲ ಕಚ್ಚಿರುವ ಗಾಲಿಗೆ ಬಲ ಹೋಗುವಂತೆ ಮಾಡುತ್ತದೆ. ಚಾಲಕ ಪೆಡಲ್ ಮುಟ್ಟಿಯೇ ಇಲ್ಲ. ಆದರೂ ಕಾಲುವೆ ಏರಿಯ ಕೆಸರಿನಲ್ಲಿ ಬಹಳ ಹೊತ್ತು ಒದ್ದಾಡಿದ ಗಾಡಿಯ ಬ್ರೇಕು ಕಾದಿರುತ್ತದೆ. ಅದು ದೋಷವಲ್ಲ, ದುಡಿಮೆ. ತಣಿಸಿ ಮತ್ತೆ ಒಣ ರಸ್ತೆಯಲ್ಲಿ ಓಡಿಸಿ ನೋಡಿದಾಗ ಬಿಸಿ ಮರುಕಳಿಸದಿದ್ದರೆ ಬಿಚ್ಚುವ ಅಗತ್ಯವಿಲ್ಲ.

ಪತ್ತೆಯ ಕ್ರಮ

ಮೊದಲು ಶಾಖದ ನಕ್ಷೆ. ಸಮತಟ್ಟಾದ ರಸ್ತೆಯಲ್ಲಿ ಆದಷ್ಟು ಕಡಿಮೆ ಬ್ರೇಕ್ ಬಳಸಿ ಓಡಿಸಿ, ನಿಧಾನಕ್ಕೆ ತಾನಾಗಿ ನಿಲ್ಲಲು ಬಿಟ್ಟು, ನಾಲ್ಕೂ ಗಾಲಿಯ ಬಿಸಿಯನ್ನು ಇನ್‌ಫ್ರಾರೆಡ್ ಗನ್‌ನಿಂದ ಅಳೆಯಬೇಕು. ಹೊಳೆಯುವ ಡಿಸ್ಕಿನ ಮೇಲೆ ಈ ಗನ್ ಕಡಿಮೆ ತೋರಿಸುತ್ತದೆ. ತುಕ್ಕು ಅಥವಾ ಬಣ್ಣವಿರುವ ಭಾಗಕ್ಕೆ ಗುರಿಯಿಡಬೇಕು. ಮುಂದಿನದನ್ನು ಹಿಂದಿನದಕ್ಕೆ ಹೋಲಿಸಿ ಉಪಯೋಗವಿಲ್ಲ, ಮುಂದಿನವು ಸಹಜವಾಗಿಯೇ ಹೆಚ್ಚು ಬಿಸಿ. ಒಂದೇ ಆಕ್ಸೆಲ್ಲಿನ ಎಡ ಬಲ ಹೋಲಿಕೆಯೇ ಮುಖ್ಯ. ಗನ್ ಇಲ್ಲದ ಕಡೆ ಅಂಗೈಯನ್ನು ಗಾಲಿಯ ಹತ್ತಿರ ಹಿಡಿದು ತಾಪ ನೋಡುತ್ತಾರೆ. ಮುಟ್ಟಬಾರದು.

ಒಂದೇ ಗಾಲಿ ಕಾದಿದ್ದರೆ ಕಾರಣ ಆ ಗಾಲಿಯ ಬಳಿ: ಪಿಸ್ಟನ್, ಕ್ಯಾಲಿಪರ್ ಜಾರುವ ಸ್ಲೈಡ್ ಪಿನ್, ಹೋಸ್, ಡ್ರಮ್ಮಿನ ವೀಲ್ ಸಿಲಿಂಡರ್. ಹಿಂದಿನ ಎರಡೂ ಕಾದಿದ್ದರೆ ಮೊದಲ ಅನುಮಾನ ಹ್ಯಾಂಡ್ ಬ್ರೇಕ್ ಕೇಬಲ್ ಮೇಲೆ. ನಾಲ್ಕೂ ಕಾದಿದ್ದರೆ ಪೆಡಲ್, ಬೂಸ್ಟರ್, ಮಾಸ್ಟರ್ ಸಿಲಿಂಡರ್, ಇಲ್ಲವೇ ತಪ್ಪು ಆಯಿಲ್. ನಾಲ್ಕು ಗಾಲಿಯ ದೂರು ಬಂದಾಗ ನಾಲ್ಕು ಕ್ಯಾಲಿಪರ್ ಬದಲಿಸಿ ಬಿಲ್ ಮಾಡುವುದು ಪತ್ತೆಯಲ್ಲ.

ನಂತರ ಜಾಕ್. ಎರೆ ನೆಲದಲ್ಲಿ ಜಾಕ್ ಇಳಿದುಹೋಗುತ್ತದೆ, ಕೆಳಗೆ ಹಲಗೆ ಬೇಕು. ಗಾಡಿಯ ಕೆಳಗೆ ಸ್ಟ್ಯಾಂಡ್, ನೆಲದ ಮೇಲಿರುವ ಗಾಲಿಗಳಿಗೆ ಎರಡೂ ಕಡೆ ಅಡ್ಡಗಲ್ಲು. ಗೇರ್ ನ್ಯೂಟ್ರಲ್, ಟ್ರಾನ್ಸ್‌ಫರ್ ಲಿವರ್ ಟೂ ವೀಲ್‌ನಲ್ಲಿ, ಫ್ರೀ ವೀಲ್ ಹಬ್ ಇದ್ದರೆ ಬಿಟ್ಟಿರಬೇಕು, ಹ್ಯಾಂಡ್ ಬ್ರೇಕ್ ಇಳಿಸಿರಬೇಕು. ಇಷ್ಟು ಮಾಡದೆ ಗಾಲಿ ತಿರುಗಿಸಿ ಭಾರವಾಗಿದೆ ಎನ್ನುವುದಕ್ಕೆ ಅರ್ಥವಿಲ್ಲ, ಇಡೀ ಗೇರುಗಳ ಸಾಲೇ ಕೈಗೆ ಎದುರು ನಿಂತಿರುತ್ತದೆ. ಹಳೆಯ ವಿಲ್ಲಿಸ್ ಮಾದರಿಯ ಜೀಪುಗಳಲ್ಲಿ ಒಂದು ಅಪಾಯವೂ ಇದೆ. ಅವುಗಳ ಹ್ಯಾಂಡ್ ಬ್ರೇಕ್ ಹಿಂದಿನ ಗಾಲಿಗಳಲ್ಲಿಲ್ಲ, ಟ್ರಾನ್ಸ್‌ಫರ್ ಕೇಸಿನ ಹಿಂದೆ ಶಾಫ್ಟಿನ ಮೇಲಿದೆ. ಹಿಂದಿನ ಒಂದೇ ಗಾಲಿಯನ್ನು ಎತ್ತಿದರೆ ಡಿಫರೆನ್ಶಿಯಲ್ ಕಾರಣದಿಂದ ಆ ಹ್ಯಾಂಡ್ ಬ್ರೇಕ್ ಗಾಡಿಯನ್ನು ಹಿಡಿಯುವುದಿಲ್ಲ. ಕಲ್ಲಿಲ್ಲದೆ ಜಾಕ್ ಹಾಕಿದವನ ಮೇಲೆ ಗಾಡಿ ಉರುಳುತ್ತದೆ.

ಎತ್ತಿದ ಗಾಲಿ ಭಾರವಾಗಿ ತಿರುಗುತ್ತಿದೆ ಎಂದು ಖಚಿತವಾದ ಮೇಲೆ ಇಡೀ ಪತ್ತೆಯ ತಿರುಳಾದ ಪರೀಕ್ಷೆ ಬರುತ್ತದೆ. ಆ ಗಾಲಿಯ ಏರ್ ತೆಗೆಯುವ ನಿಪ್ಪಲ್ಲನ್ನು ಸ್ವಲ್ಪ ಸಡಿಲಿಸಬೇಕು, ಕಣ್ಣಿಗೆ ಕನ್ನಡಕವಿರಲಿ. ಆಯಿಲ್ ಚಿಮ್ಮಿ ಗಾಲಿ ಹಗುರಾದರೆ ಒತ್ತಡ ಸಿಕ್ಕಿಬಿದ್ದಿದೆ; ಏನೂ ಬದಲಾಗದಿದ್ದರೆ ಲೋಹ ಸಿಕ್ಕಿಬಿದ್ದಿದೆ. ಎರಡನೆಯದಾದರೆ ಪಿಸ್ಟನ್, ಪಿನ್, ಕೇಬಲ್, ಶೂ ಇವುಗಳನ್ನು ಬಿಚ್ಚಿ ನೋಡಬೇಕು. ಸ್ಲೈಡ್ ಪಿನ್ನಿಗೆ ಮಾಮೂಲಿ ಚಾಸಿ ಗ್ರೀಸ್ ಹಾಕಿದ್ದರೆ ಅದರ ರಬ್ಬರ್ ಉಬ್ಬಿ ಪಿನ್ ಹಿಡಿದಿರುತ್ತದೆ; ಅಲ್ಲಿಗೆ ಬೇಕಾದದ್ದು ರಬ್ಬರಿಗೆ ಹೊಂದುವ ಸಿಲಿಕೋನ್ ಗ್ರೀಸ್. ಪಿನ್ ಸಿಕ್ಕಿದ್ದರೆ ಒಳಗಿನ ಮತ್ತು ಹೊರಗಿನ ಪ್ಯಾಡು ಅಸಮವಾಗಿ ಸವೆದಿರುತ್ತವೆ.

ಒತ್ತಡವೇ ಸಿಕ್ಕಿಬಿದ್ದಿದ್ದರೆ ಗಾಲಿಯಿಂದ ಹಿಂದಕ್ಕೆ ಹೋಗಬೇಕು. ಬ್ರೇಕ್ ಮತ್ತೆ ಹಿಡಿಯುವಂತೆ ಮಾಡಿ, ಈ ಸಲ ರಬ್ಬರ್ ಹೋಸಿಗೆ ಮೊದಲು ಬರುವ ಲೋಹದ ಪೈಪಿನ ಜೋಡಣೆಯನ್ನು ಸಡಿಲಿಸಬೇಕು. ಗಾಲಿ ಬಿಡದಿದ್ದರೆ ದೋಷ ಹೋಸಿನದು. ಹೊರಗೆ ಚೆನ್ನಾಗಿ ಕಾಣುವ ಹೋಸಿನ ಒಳಪದರ ಕಿತ್ತು, ಪೆಡಲಿನ ಬಲವಾದ ಒತ್ತಡಕ್ಕೆ ದಾರಿ ಬಿಟ್ಟು, ಸ್ಪ್ರಿಂಗಿನ ಸಣ್ಣ ಬಲಕ್ಕೆ ಬಿಡದಂತೆ ನಿಲ್ಲುತ್ತದೆ. ಪ್ಲೈಯರ್‌ನಿಂದ ಹೋಸನ್ನು ಹಿಚುಕಿ ಪರೀಕ್ಷಿಸುವ ಚಾಳಿಯೇ ಎಷ್ಟೋ ಸಲ ಈ ರೋಗವನ್ನು ತರುತ್ತದೆ. ಪೈಪ್ ಸಡಿಲಿಸಿದಾಗ ಗಾಲಿ ಬಿಟ್ಟರೆ ಕಾರಣ ಇನ್ನೂ ಮೇಲಿದೆ. ಮಾಸ್ಟರ್ ಸಿಲಿಂಡರನ್ನು ಬೂಸ್ಟರಿಗೆ ಹಿಡಿದಿರುವ ನಟ್ಟುಗಳನ್ನು ಒಂದೆರಡು ಮಿಲಿಮೀಟರ್ ಸಡಿಲಿಸಿ ಮುಂದಕ್ಕೆ ಎಳೆದಾಗ ಬ್ರೇಕ್ ಬಿಟ್ಟರೆ ತಪ್ಪು ತಳ್ಳುಗಂಬಿಯದೋ ಬೂಸ್ಟರಿನದೋ ಪೆಡಲಿನದೋ ಆಗಿರುತ್ತದೆ. ಎಂಜಿನ್ ನಿಲ್ಲಿಸಿ ಪೆಡಲನ್ನು ಹಲವು ಬಾರಿ ತುಳಿದು ಬೂಸ್ಟರಿನ ನಿರ್ವಾತ ಖಾಲಿ ಮಾಡಿದ ಮೇಲೆ ಬಿಟ್ಟರೆ ಬೂಸ್ಟರಿನದೇ. ಎಳೆದರೂ ಬಿಡದೆ, ಮಾಸ್ಟರ್ ಸಿಲಿಂಡರಿನ ಬಾಯಲ್ಲಿ ಪೈಪ್ ಸಡಿಲಿಸಿದಾಗ ಬಿಟ್ಟರೆ ಸಿಲಿಂಡರಿನ ಒಳಗೇ ತೂತು ಮುಚ್ಚಿದೆ.

ಮುಚ್ಚಲು ಸಾಮಾನ್ಯ ಕಾರಣ ತಪ್ಪು ಎಣ್ಣೆ. ಬ್ರೇಕ್ ಆಯಿಲ್ ಡಬ್ಬಿಗೆ ಯಾರೋ ಪವರ್ ಸ್ಟೀರಿಂಗ್ ಎಣ್ಣೆಯನ್ನೋ ಎಂಜಿನ್ ಆಯಿಲನ್ನೋ ಸುರಿದರೆ ಒಳಗಿನ ರಬ್ಬರ್ ಉಬ್ಬುತ್ತದೆ. ಡಬ್ಬಿಯಿಂದ ಒಂದಿಷ್ಟು ತೆಗೆದು ಲೋಟ ನೀರಿಗೆ ಹಾಕಿದರೆ ಗೊತ್ತಾಗುತ್ತದೆ: ಡಾಟ್ 3, ಡಾಟ್ 4 ನೀರಿನಲ್ಲಿ ಕರಗುತ್ತವೆ, ಖನಿಜ ಎಣ್ಣೆ ತೇಲುತ್ತದೆ. ತೇಲಿದರೆ ಆಯಿಲ್ ಬದಲಿಸಿ ಸುಮ್ಮನಾಗುವಂತಿಲ್ಲ, ವ್ಯವಸ್ಥೆಯ ಅಷ್ಟೂ ರಬ್ಬರ್ ಭಾಗಗಳನ್ನು ಬದಲಿಸಬೇಕು.

ಎರೆಮಣ್ಣು ಮತ್ತು ಟ್ರ್ಯಾಕ್ಟರ್

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಬಂದ ಮೇಲೆ ಸಿಂಧನೂರು ಭತ್ತದ ಸೀಮೆಯಾಯಿತು. ಇಲ್ಲಿನ ಕಪ್ಪು ಎರೆಮಣ್ಣು ನೀರು ಕುಡಿದು ಉಬ್ಬುವ ಜೇಡಿ. ಒಣಗಿದರೆ ಕಲ್ಲಿನಂತೆ ಗಟ್ಟಿ. ಗದ್ದೆಗೆ ಇಳಿದ ಗಾಡಿಯ ರಿಮ್ ಒಳಗೆ, ಡಿಸ್ಕಿನ ಹಿಂದಿನ ತಗಡಿನ ಸಂದಿಯಲ್ಲಿ, ಡ್ರಮ್ಮಿನ ಒಳಗೆ ಈ ರಾಡಿ ಸೇರಿ ರಾತ್ರಿ ಒಣಗಿದರೆ ಬೆಳಿಗ್ಗೆ ಶೂ ಹಿಂದಕ್ಕೆ ಬರುವುದಿಲ್ಲ. ಕೇಬಲ್ಲಿನ ಹೊದಿಕೆಯೊಳಗೆ ಹೋದ ನೀರು ತುಕ್ಕಾಗಿ, ಹ್ಯಾಂಡ್ ಬ್ರೇಕ್ ಎಳೆದದ್ದು ಎಳೆದಂತೆಯೇ ಉಳಿಯುತ್ತದೆ. ತೊಳೆಯುವುದೇ ಇದಕ್ಕೆ ಮದ್ದು, ಗಾಲಿಯ ಹೊರಮೈಯಷ್ಟನ್ನೇ ಅಲ್ಲ, ಒಳಮೈಯನ್ನೂ. ಆದರೆ ಕಾದ ಡ್ರಮ್ಮಿಗೆ ಕಾಲುವೆ ನೀರು ಎರಚುವುದು ಬೇಡ, ಬೀಡು ಸೀಳಬಹುದು. ಕಾದ ಡ್ರಮ್ಮಿನ ಮೇಲೆ ಹ್ಯಾಂಡ್ ಬ್ರೇಕ್ ಎಳೆದಿಡುವುದೂ ತಪ್ಪು. ಹಿಗ್ಗಿದ ಡ್ರಮ್ ತಣಿಯುತ್ತ ಕುಗ್ಗಿ ಶೂಗಳನ್ನು ಕಚ್ಚಿಕೊಳ್ಳುತ್ತದೆ. ಗಾಲಿಗೆ ಕಲ್ಲು ಇಟ್ಟರೆ ಸಾಕು.

ಟ್ರ್ಯಾಕ್ಟರಿನ ಬ್ರೇಕು ಬೇರೆ ಜಾತಿಯದು. ಫೋರ್ ವೀಲ್ ಟ್ರ್ಯಾಕ್ಟರಾದರೂ ಸಾಮಾನ್ಯವಾಗಿ ಬ್ರೇಕ್ ಇರುವುದು ಹಿಂದಿನ ಆಕ್ಸೆಲ್ಲಿನಲ್ಲಿ, ಎಡಕ್ಕೊಂದು ಬಲಕ್ಕೊಂದು ಪೆಡಲ್. ನಾಟಿಗೆ ಗದ್ದೆಯನ್ನು ಕೆಸರು ಮಾಡಲು ರೊಳ್ಳೆ ಹೊಡೆಯುವಾಗ ಬದುವಿನ ಬಳಿ ಗಿರಕಿ ತಿರುಗಲು ಒಂದೇ ಪೆಡಲನ್ನು ಪದೇ ಪದೇ ತುಳಿಯುವುದರಿಂದ ಒಂದು ಬದಿ ಬೇಗ ಸವೆಯುತ್ತದೆ. ಆಮೇಲೆ ಎರಡನ್ನೂ ಸಮ ಮಾಡಲು ರಾಡ್ ಬಿಗಿಯುವಾಗ ಫ್ರೀ ಪ್ಲೇ ಹೋಗಿ ಇನ್ನೊಂದು ಬದಿ ಉಜ್ಜತೊಡಗುತ್ತದೆ. ಹಳೆಯ ಡ್ರೈ ಡಿಸ್ಕ್ ಮಾದರಿಗಳಲ್ಲಿ ಗುಂಡುಗಳು ಓಡಾಡುವ ತಗ್ಗಿನಲ್ಲಿ ತುಕ್ಕು ಕೂತು ತಟ್ಟೆಗಳು ಹಿಂದಿರುಗುವುದಿಲ್ಲ. ಎಣ್ಣೆಯಲ್ಲಿ ಮುಳುಗಿದ ಬ್ರೇಕುಗಳಲ್ಲಿ ಮಣ್ಣಿನ ಕಾಟವಿಲ್ಲ. ಜಾಮ್ ಆದರೆ ಗಾಲಿಯ ಬಳಿ ವಾಸನೆಯೂ ಬರುವುದಿಲ್ಲ. ಶಾಖವೆಲ್ಲ ಹಿಂದಿನ ಹೌಸಿಂಗಿನ ಎಣ್ಣೆಗೆ ಹೋಗುವುದರಿಂದ ಎಡ ಬಲ ಹೌಸಿಂಗುಗಳ ಬಿಸಿಯನ್ನು ಹೋಲಿಸಿಯೇ ತಿಳಿಯಬೇಕು.

ಗಣಿಯೊಳಗೆ

ಹಟ್ಟಿಯ ಗಣಿಗಾರಿಕೆಗೆ ಬಹಳ ಹಿಂದಿನ ಚರಿತ್ರೆಯಿದೆ. ಇಂದಿನ ಕಂಪನಿಯ ಮೂಲ 1947ರಲ್ಲಿ ಸ್ಥಾಪನೆಯಾದ ಹೈದರಾಬಾದ್ ಗೋಲ್ಡ್ ಮೈನ್ಸ್. ರಾಜ್ಯಗಳ ಪುನರ್ವಿಂಗಡಣೆಯ ಕಾಲಕ್ಕೆ ಹಟ್ಟಿ ಚಿನ್ನದ ಗಣಿ ಕಂಪನಿ ಎಂಬ ಹೆಸರು ಬಂತು. 2001ರಲ್ಲಿ ಕೋಲಾರದ ಗಣಿಗಳು ಮುಚ್ಚಿದ ಮೇಲೆ ದೇಶದ ಪ್ರಮುಖ ಚಿನ್ನದ ಗಣಿ ಇದೇ. ನೆಲದಾಳದಲ್ಲಿ ಅದಿರನ್ನು ಬಾಚಿ, ಹೊತ್ತು, ಸುರಿಯುವ ಎಲ್‌ಎಚ್‌ಡಿ ಯಂತ್ರಗಳು ನಡುವೆ ಮಡಚುವ ಮೈಯುಳ್ಳವು. ನಾಲ್ಕೂ ಗಾಲಿಗೆ ಸದಾ ಎಳೆತ.

ಈ ಬಗೆಯ ಯಂತ್ರಗಳಲ್ಲಿ ವ್ಯಾಪಕವಾಗಿರುವ ಬ್ರೇಕಿನ ತತ್ತ್ವ ರಸ್ತೆ ವಾಹನಕ್ಕೆ ತದ್ವಿರುದ್ಧ. ಬಲವಾದ ಸ್ಪ್ರಿಂಗುಗಳು ತಟ್ಟೆಗಳ ಕಟ್ಟನ್ನು ಯಾವಾಗಲೂ ಒತ್ತಿ ಹಿಡಿದಿರುತ್ತವೆ. ಎಣ್ಣೆಯ ಒತ್ತಡ ಆ ಸ್ಪ್ರಿಂಗುಗಳನ್ನು ಹಿಂದಕ್ಕೆ ತಳ್ಳಿದಾಗ ಮಾತ್ರ ಗಾಲಿ ಬಿಡುತ್ತದೆ. ಪೈಪ್ ಒಡೆದರೂ ಎಂಜಿನ್ ನಿಂತರೂ ಯಂತ್ರ ಇಳಿಜಾರಿನಲ್ಲಿ ಓಡದೆ ನಿಂತುಬಿಡಲಿ ಎಂಬ ಎಚ್ಚರಿಕೆ ಇದು. ಇದಕ್ಕೆ ತೆರುವ ಬೆಲೆಯೆಂದರೆ, ಒತ್ತಡ ಅರ್ಧಂಬರ್ಧ ಇಳಿದರೆ ಬ್ರೇಕ್ ಅರ್ಧಂಬರ್ಧ ಹಿಡಿಯುತ್ತದೆ. ಶಕ್ತಿಶಾಲಿ ಎಂಜಿನ್ ಅದನ್ನು ಮೀರಿ ಎಳೆದುಕೊಂಡು ಹೋಗುತ್ತದೆ, ಆಪರೇಟರ್‌ಗೆ ಯಂತ್ರ ಸ್ವಲ್ಪ ಮಂಕಾಗಿದೆ ಎನಿಸಬಹುದು ಅಷ್ಟೇ. ಅಷ್ಟರಲ್ಲಿ ತಟ್ಟೆಗಳು ಸುಟ್ಟು ಕಪ್ಪಾಗಿರುತ್ತವೆ. ಬಿಸಿಗಾಳಿಯ ಇಕ್ಕಟ್ಟಾದ ಸುರಂಗದಲ್ಲಿ ಕಾದ ಆಕ್ಸೆಲ್ ಮತ್ತು ಸೋರುವ ಎಣ್ಣೆ ಒಟ್ಟಿಗೆ ಸೇರುವುದು ಬೆಂಕಿಗೆ ಆಹ್ವಾನ.

ಹಾಗಾಗಿ ಇಲ್ಲಿ ಪತ್ತೆಯ ಮೊದಲ ಸಾಧನ ಒತ್ತಡ ಮಾಪಕ. ಬ್ರೇಕಿಗೆ ಎಣ್ಣೆ ಒಳಹೋಗುವ ಜಾಗದಲ್ಲಿ ಅದನ್ನು ಕೂರಿಸಿ, ಬ್ರೇಕ್ ಬಿಟ್ಟ ಸ್ಥಿತಿಯ ಒತ್ತಡ ತಯಾರಕರ ಕೈಪಿಡಿ ಹೇಳಿದಷ್ಟಿದೆಯೇ ನೋಡಬೇಕು. ಕಡಿಮೆಯಿದ್ದರೆ ಪಂಪು, ನೈಟ್ರೋಜನ್ ಕಳೆದುಕೊಂಡ ಅಕ್ಯುಮುಲೇಟರ್, ಪೂರ್ತಿ ತೆರೆಯದ ಪಾರ್ಕಿಂಗ್ ವಾಲ್ವ್, ಒಳಗೇ ಸೋರುವ ಪಿಸ್ಟನ್ ಸೀಲ್ ಇವುಗಳಲ್ಲಿ ಹುಡುಕಬೇಕು. ಒತ್ತಡ ಸರಿಯಿದ್ದೂ ಕಾಯುತ್ತಿದ್ದರೆ ಬಾಗಿದ ತಟ್ಟೆ ಅಥವಾ ತಂಪುಗೊಳಿಸುವ ಎಣ್ಣೆಯ ಮಟ್ಟದ ಕಡೆ ಗಮನ ಹೋಗಬೇಕು; ಎಣ್ಣೆ ಅಗತ್ಯಕ್ಕಿಂತ ಹೆಚ್ಚಿದ್ದರೂ ಕಡೆದು ಕಡೆದು ಬಿಸಿಯಾಗುತ್ತದೆ. ರಸ್ತೆ ವಾಹನದ ಅಭ್ಯಾಸದಿಂದ ಇಲ್ಲಿ ಪೈಪ್ ಸಡಿಲಿಸಿ ಒತ್ತಡ ಇಳಿಸಲು ಹೋದರೆ ಬ್ರೇಕು ಬಿಡುವುದಿಲ್ಲ, ಪೂರ್ತಿ ಹಿಡಿದುಬಿಡುತ್ತದೆ.

ಇದೇ ಕಾರಣಕ್ಕೆ ಎಂಜಿನ್ ಕೆಟ್ಟು ನಿಂತ ಯಂತ್ರವನ್ನು ಹಾಗೆಯೇ ಎಳೆಯುವಂತಿಲ್ಲ. ಕೈಪಂಪಿನಿಂದ ಒತ್ತಡ ಕೊಟ್ಟೋ, ಕೆಲವು ಮಾದರಿಗಳಲ್ಲಿ ಆಕ್ಸೆಲ್ಲಿನ ಬಿಡುಗಡೆ ಸ್ಕ್ರೂಗಳನ್ನು ಬಿಗಿದೋ ಸ್ಪ್ರಿಂಗನ್ನು ಹಿಂದಕ್ಕೆ ಸರಿಸಿದ ಮೇಲೆಯೇ ಎಳೆಯಬೇಕು. ಇಲ್ಲವಾದರೆ ಸ್ವಲ್ಪ ದೂರದಲ್ಲೇ ತಟ್ಟೆಗಳೆಲ್ಲ ಸುಡುತ್ತವೆ. ಹಾಗೆ ಬಿಡಿಸಿದ ಯಂತ್ರಕ್ಕೆ ತನ್ನದೇ ಬ್ರೇಕ್ ಇರುವುದಿಲ್ಲವಾದ್ದರಿಂದ ಇಳಿಜಾರಿನಲ್ಲಿ ಹಗ್ಗ ಸರಪಳಿ ಸಾಲದು, ಗಟ್ಟಿ ಎಳೆಗಂಬಿಯೇ ಬೇಕು. ಎಳೆಯುವ ಯಂತ್ರದ ಬ್ರೇಕು ಎರಡರ ಭಾರವನ್ನೂ ಹಿಡಿಯುವಂತಿರಬೇಕು.